ಹಳೆಯ ಪಿಕಪ್: ಹೀಟರ್ ಬ್ಲೋವರ್ ಮೋಟರ್ ಬದಲಾವಣೆ

ಅಮೆರಿಕದ ಮಿಚಿಗನ್, ಮಿನ್ನೆಸೋಟದಂಥ ಉತ್ತರದ ರಾಜ್ಯಗಳಲ್ಲಿ ಚಳಿಗಾಲ ಬಂತೆಂದರೆ ವಾಹನದ ಹೀಟರ್ ಕೇವಲ ಸುಖಸಾಧನವಾಗಿ ಉಳಿಯುವುದಿಲ್ಲ. ಮುಂದಿನ ಗಾಜಿಗೆ ಕಟ್ಟಿದ ಮಂಜುಗಡ್ಡೆಯನ್ನು ಕರಗಿಸಿ, ಒಳಗಿನ ಮಬ್ಬನ್ನು ಹೋಗಲಾಡಿಸುವುದೂ ಅದೇ ಬಿಸಿಗಾಳಿ. ಗಾಜನ್ನು ತಿಳಿಗೊಳಿಸುವ ವ್ಯವಸ್ಥೆ ಇರಲೇಬೇಕೆಂದು ಅಲ್ಲಿನ ಫೆಡರಲ್ ವಾಹನ ಸುರಕ್ಷತಾ ಮಾನದಂಡ 103 ವಿಧಿಸುತ್ತದೆ. ಗಾಳಿಯನ್ನು ತಳ್ಳುವ ಕೆಲಸ ಬ್ಲೋವರ್ ಮೋಟರಿನದು. ದಶಕಗಳ ಕಾಲ ದುಡಿದ ಪಿಕಪ್ ಟ್ರಕ್ಕುಗಳಲ್ಲಿ ಅದು ಕೈಕೊಡುವುದು ಸಾಮಾನ್ಯ. ಆದರೆ ಗಾಳಿ ನಿಂತೊಡನೆ ಹೊಸ ಮೋಟರ್ ಕೊಳ್ಳಲು ಹೊರಡುವುದು ಅವಸರವೇ ಸರಿ.

ಗಾಳಿ ಬರುತ್ತಿದ್ದು ಅದು ತಣ್ಣಗಿದ್ದರೆ ಮೋಟರಿನ ತಪ್ಪಿಲ್ಲ. ಕೂಲೆಂಟ್ ಅಥವಾ ಥರ್ಮೋಸ್ಟ್ಯಾಟ್ ಕಡೆ ನೋಡಬೇಕು. ಅತಿ ಹೆಚ್ಚಿನ ವೇಗದಲ್ಲಿ ಮಾತ್ರ ಫ್ಯಾನ್ ತಿರುಗಿ, ಉಳಿದ ವೇಗಗಳಲ್ಲಿ ಸುಮ್ಮನಿದ್ದರೆ ಸಂಶಯ ರೆಸಿಸ್ಟರ್ ಮೇಲೆ. ಕಡಿಮೆ ವೇಗಗಳಿಗೆ ವಿದ್ಯುತ್ತು ರೆಸಿಸ್ಟರ್ ಮೂಲಕ ಹಾಯುತ್ತದೆ, ಗರಿಷ್ಠ ವೇಗಕ್ಕೆ ಅದನ್ನು ಬಿಟ್ಟು ನೇರವಾಗಿ ಹೋಗುತ್ತದೆ. ನಮ್ಮೂರಿನ ಹಳೆಯ ಕಾರುಗಳ ಎ.ಸಿ.ಯಲ್ಲೂ ಕಾಣುವ ಲಕ್ಷಣವಿದು. ಯಾವ ವೇಗದಲ್ಲೂ ಗಾಳಿ ಬಾರದಿದ್ದರೆ ಮೊದಲು ಫ್ಯೂಸ್, ರಿಲೇ, ಅರ್ಥ್ ವೈರ್ ಪರೀಕ್ಷಿಸಬೇಕು. ಬಳಿಕ ಫ್ಯೂಸ್ ಇರುವ ವೈರಿನಿಂದ ಮೋಟರಿಗೆ ನೇರವಾಗಿ 12 ವೋಲ್ಟ್ ಕೊಟ್ಟಾಗಲೂ ಅದು ಅಲುಗದಿದ್ದರೆ ಬದಲಾವಣೆ ಅನಿವಾರ್ಯ. ಕೀರಲು ಸದ್ದು ಬೇರಿಂಗ್ ಸವೆದುದರ ಸೂಚನೆ. ಕೆಲವೊಮ್ಮೆ ಒಳಸೇರಿದ ಒಣ ಎಲೆಗಳೋ ಇಲಿಯ ಗೂಡೋ ಸದ್ದಿಗೆ ಕಾರಣವಾಗಿರುವುದುಂಟು.

ಮೋಟರ್ ಇರುವ ಜಾಗ ವಾಹನದಿಂದ ವಾಹನಕ್ಕೆ ಬೇರೆ. 1980ರಿಂದ 1996ರವರೆಗಿನ ಫೋರ್ಡ್ ಎಫ್-150ರಲ್ಲಿ ಅದು ಬಾನೆಟ್ ಕೆಳಗೆ, ಎಂಜಿನ್ ಹಿಂದಿನ ತಗಡಿನ ಗೋಡೆಯಲ್ಲಿ, ಪ್ರಯಾಣಿಕರ ಬದಿಗಿದೆ. 1988ರಿಂದ 1998ರವರೆಗಿನ ಷೆವರ್ಲೆ ಸಿ/ಕೆ ಸರಣಿಯಲ್ಲಿ ಪ್ರಯಾಣಿಕರ ಬದಿಯ ಡ್ಯಾಶ್‌ಬೋರ್ಡ್ ಅಡಿಯಲ್ಲಿರುವುದರಿಂದ ನೆಲಕ್ಕೆ ಬೆನ್ನು ಹಚ್ಚಿ ಮಲಗಿಯೇ ಕೆಲಸ ಮಾಡಬೇಕಾಗುತ್ತದೆ. ಎರಡರಲ್ಲೂ ಕೂಲೆಂಟ್ ಖಾಲಿ ಮಾಡುವ ಗೋಜಿಲ್ಲ.

ಬ್ಯಾಟರಿಯ ಋಣ ತುದಿಯನ್ನು ಕಳಚಿದ ಮೇಲೆಯೇ ಕೈ ಹಾಕುವುದು ಕ್ಷೇಮ. ಕನೆಕ್ಟರ್ ಬಿಡಿಸಿ, ಮೋಟರಿಗೆ ತಂಪು ಗಾಳಿ ಒಯ್ಯುವ ರಬ್ಬರ್ ಕೊಳವೆಯಿದ್ದರೆ ತೆಗೆದು, ಅಂಚಿನ ಸ್ಕ್ರೂಗಳನ್ನು ಬಿಚ್ಚಿದರೆ ಮೋಟರ್ ಫ್ಯಾನ್ ಸಮೇತ ಹೊರಬರುತ್ತದೆ. ಹಳೆಯ ಫ್ಯಾನನ್ನೇ ಹೊಸ ಮೋಟರಿಗೆ ಹಾಕುವುದಾದರೆ ದಂಡದ ಮೇಲೆ ಅದು ಮೊದಲಿದ್ದ ಆಳದಲ್ಲೇ ಕೂರಬೇಕು. ಇಲ್ಲವಾದರೆ ಗೂಡಿಗೆ ಉಜ್ಜುತ್ತದೆ. ವೈರ್ ಅದಲುಬದಲಾದರೆ ಫ್ಯಾನ್ ಹಿಮ್ಮುಖವಾಗಿ ತಿರುಗಿ ಗಾಳಿ ಕ್ಷೀಣಿಸುತ್ತದೆ. ರಬ್ಬರ್ ಕೊಳವೆಯನ್ನು ಮರಳಿ ಜೋಡಿಸಲು ಮರೆತರೆ ಹೊಸ ಮೋಟರ್ ಬಿಸಿಯೇರಿ ಬೇಗ ಕೆಡುತ್ತದೆ.

ಬಹಳ ಮಂದಿ ಕಡೆಗಣಿಸುವುದು ಕನೆಕ್ಟರನ್ನು. ಸವೆದ ಮೋಟರ್ ಹೆಚ್ಚು ಕರೆಂಟ್ ಎಳೆಯುವುದರಿಂದ ಅದರ ಪ್ಲಾಸ್ಟಿಕ್ ಕರಗಿ ಕಪ್ಪಾಗಿರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಸಡಿಲ ಸಂಪರ್ಕ ಮತ್ತೆ ಕಾಯುತ್ತದೆ, ಕೆಲವು ತಿಂಗಳಲ್ಲೇ ಗಾಳಿ ಪುನಃ ನಿಲ್ಲಬಹುದು.