ಕರಿಯ ಪತಂಗದ ಸಾಕ್ಷ್ಯ

ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯನ್ನು ಪಾಠ ಹೇಳುವಾಗ, ಗಿರಣಿ, ಕಾಲುವೆ, ರೈಲುದಾರಿಗಳ ವಿವರಣೆ ಮುಗಿದ ಮೇಲೆ, ಹೊಗೆಯ ಪ್ರಸ್ತಾಪ ಬರುವುದುಂಟು. ಮ್ಯಾಂಚೆಸ್ಟರ್ ಸುತ್ತಿನ ಒಂದು ಜಾತಿಯ ಪತಂಗಗಳು ಆ ಹೊಗೆಯ ದೆಸೆಯಿಂದ ಕಪ್ಪಾದುವೆಂದು ನಾವೂ ಕೆಲವು ವರ್ಷ ಹೇಳಿಕೊಂಡು ಬಂದೆವು. ಒಮ್ಮೆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ, ಅಂಥ ಪತಂಗವನ್ನು ತೊಳೆದರೆ ಮತ್ತೆ ಬೆಳ್ಳಗಾಗುತ್ತದೆಯೆ ಎಂದು ಕೇಳಿದಳು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಉತ್ತರ ನಮ್ಮಲ್ಲಿ ಸಿದ್ಧವಾಗಿರಲಿಲ್ಲ. ಪ್ರಶ್ನೆಯಲ್ಲಿದ್ದ ತಪ್ಪು ನಮ್ಮ ವಾಕ್ಯದಿಂದಲೇ ಹುಟ್ಟಿದ್ದೆಂಬುದು ಅನಂತರ ಹೊಳೆಯಿತು. ಪ್ರಕೃತ ಲೇಖನಕ್ಕೆ ಅದೇ ಪ್ರೇರಣೆ. ಜೀವಶಾಸ್ತ್ರ ನಮ್ಮ ವಿಷಯವಲ್ಲ. ಆದರೆ ಈ ಪತಂಗದ ಕಥೆ ಮುಖ್ಯವಾಗಿ ದಾಖಲೆಗಳನ್ನೂ ಅಂಕೆಗಳನ್ನೂ ಅವಲಂಬಿಸಿ ನಿಂತದ್ದಾದುದರಿಂದ, ಇತಿಹಾಸದ ವಿದ್ಯಾರ್ಥಿ ಅದನ್ನು ಪರಿಶೀಲಿಸುವುದು ಅನುಚಿತವಾಗಲಾರದು.

ಪತಂಗದ ಶಾಸ್ತ್ರೀಯ ನಾಮ ಬಿಸ್ಟನ್ ಬೆಟುಲೇರಿಯ. ಸಾಮಾನ್ಯ ರೂಪದಲ್ಲಿ ಅದರ ರೆಕ್ಕೆ ಬಿಳುಪು. ಅದರ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕರಿಯ ಚುಕ್ಕೆಗಳು. ಇರುಳಲ್ಲಿ ಹಾರಾಡಿ ಹಗಲಲ್ಲಿ ಮರವನ್ನು ಕಚ್ಚಿ ನಿಶ್ಚಲವಾಗಿರುವುದು ಅದರ ಸ್ವಭಾವ. ಕಲ್ಲುಹೂ ಬೆಳೆದ ತೊಗಟೆಯ ಮೇಲೆ ಅದು ಕುಳಿತರೆ ಹತ್ತಿರ ಹೋದವರಿಗೂ ಸುಲಭವಾಗಿ ಕಾಣದು. ಹತ್ತೊಂಬತ್ತನೆಯ ಶತಮಾನದಲ್ಲಿ ಲ್ಯಾಂಕಾಶೈರಿನ ಹತ್ತಿಗಿರಣಿಗಳು, ನಮ್ಮ ಸಂತೆಗಳಿಗೂ ಬಟ್ಟೆ ಕಳುಹಿಸಿದ ಆ ಗಿರಣಿಗಳೇ, ಉರಿಸಿದ ಕಲ್ಲಿದ್ದಲಿನ ಹೊಗೆಯಿಂದ ಕಲ್ಲುಹೂ ಸತ್ತಿತು. ಮಸಿ ಕೂತು ತೊಗಟೆ ಕಪ್ಪಾಯಿತು. ತೊಗಟೆ ಕಪ್ಪಾದುದು ಮಸಿಯಿಂದ. ಪತಂಗದ ಕಪ್ಪಿಗಾದರೋ ಮಸಿಯ ಸಂಪರ್ಕವೇ ಇಲ್ಲ. ಕಾರ್ಬೊನೇರಿಯ ಎಂಬ ಕರಿಯ ರೂಪದ ಪತಂಗ ಕೋಶದಿಂದ ಹೊರಬೀಳುವಾಗಲೇ ಕಪ್ಪು, ಸಾಯುವಾಗಲೂ ಕಪ್ಪು. ಅದರ ಬಣ್ಣ ತಂದೆತಾಯಿಗಳಿಂದ ಬಂದ ಒಂದು ವಂಶವಾಹಿಯ ಫಲ. ಯಾವ ಬಿಳಿಯ ಪತಂಗವೂ ಎಂದೂ ಕಪ್ಪಾಗಲಿಲ್ಲ. ಬದಲಾದದ್ದು ಪತಂಗವಲ್ಲ, ಪತಂಗಗಳ ಸಮುದಾಯ. ಊರು ಬೆಳೆಯಿತು ಎಂದರೆ ಊರಿನ ಜನ ಎತ್ತರವಾದರೆಂದು ಯಾರೂ ಅರ್ಥಮಾಡುವುದಿಲ್ಲವಷ್ಟೆ; ಇದೂ ಹಾಗೆಯೇ.

ಹಾಗಾದರೆ ಈ ಸಮುದಾಯ ಬದಲಾಯಿತೆಂಬುದಕ್ಕೆ ಆಧಾರವೇನು? ಮೊದಲ ಕಾಲಕ್ಕೆ ಆಧಾರ ಹವ್ಯಾಸಿ ಸಂಗ್ರಾಹಕರದೇ. ಇಂಗ್ಲೆಂಡಿನಲ್ಲಿ ಪಾದ್ರಿಗಳು, ವೈದ್ಯರು, ವ್ಯಾಪಾರಿಗಳು, ಗಿರಣಿಯ ನೌಕರರು ಸಹ ಪತಂಗಗಳನ್ನು ಹಿಡಿದು ಸೂಜಿ ಚುಚ್ಚಿ, ತಾರೀಖು ಬರೆದು ಪೆಟ್ಟಿಗೆಗಳಲ್ಲಿ ಇಡುತ್ತಿದ್ದರು. ಕರಿಯ ರೂಪದ ಪ್ರಥಮ ಪತಂಗ ಮ್ಯಾಂಚೆಸ್ಟರಿನಲ್ಲಿ 1848ರಲ್ಲಿ ದೊರೆತುದೆಂದು ಎಲ್ಲ ಗ್ರಂಥಗಳೂ ಹೇಳುತ್ತವೆ. ಇದನ್ನು ತಿಳಿಸುವ ಎಡಲ್‌ಸ್ಟನ್ ಎಂಬ ಸಂಗ್ರಾಹಕರ ಬರೆಹ ಅಚ್ಚಾದದ್ದು 1864ರಲ್ಲಿ. ಘಟನೆಯಾದ ಹದಿನಾರು ವರ್ಷಗಳ ಮೇಲೆ ಕೆತ್ತಿಸಿದ ಶಾಸನಕ್ಕೆ ನಾವು ಎಷ್ಟು ಬೆಲೆ ಕೊಡುತ್ತೇವೆಯೋ ಇದಕ್ಕೂ ಅಷ್ಟೇ ಕೊಡಬೇಕು: ತಳ್ಳಿಹಾಕುವಂತಿಲ್ಲ, ಮೊದಲನೆಯದೆಂಬ ಮಾತನ್ನು ಮಾತ್ರ ಅಕ್ಷರಶಃ ಹಿಡಿಯುವಂತಿಲ್ಲ. 1895ರ ಹೊತ್ತಿಗೆ ಮ್ಯಾಂಚೆಸ್ಟರಿನ ಪತಂಗಗಳಲ್ಲಿ ನೂರಕ್ಕೆ 98 ಕಪ್ಪೆಂಬ ಅಂಕೆ ರೂಢಿಯಲ್ಲಿದೆ. ಸಂಗ್ರಾಹಕನು ಅಪರೂಪವಾದುದನ್ನು ಬಿಡದೆ ಹಿಡಿಯುತ್ತಾನೆ, ಸಾಮಾನ್ಯವಾದುದನ್ನು ಹಾರಿಹೋಗಗೊಡುತ್ತಾನೆ. ಆದಕಾರಣ ಆದಿಯಲ್ಲಿ ಕಪ್ಪಿನ ಪ್ರಮಾಣ ಪೆಟ್ಟಿಗೆಯಲ್ಲಿ ಕಾಣುವುದಕ್ಕಿಂತ ಕಡಿಮೆಯೂ, ಕೊನೆಯಲ್ಲಿ ಹೆಚ್ಚೂ ಇದ್ದಿರಬೇಕು. ಅಂದರೆ ಸಂಗ್ರಾಹಕನ ಪಕ್ಷಪಾತ ಬದಲಾವಣೆಯನ್ನು ಹಿಗ್ಗಿಸದೆ ಕುಗ್ಗಿಸಿಯೇ ತೋರಿಸಿರಬೇಕು. ದಾಖಲೆಯ ದೋಷ ಹೀಗೆ ವಾದಕ್ಕೆ ವಿರುದ್ಧವಾದ ದಿಕ್ಕಿನಲ್ಲಿರುವುದು ನಮ್ಮ ವೃತ್ತಿಯಲ್ಲಿ ಅಪೂರ್ವವಾದ ಭಾಗ್ಯ.

ಡಾರ್ವಿನ್ನರು 1859ರಲ್ಲಿ ತಮ್ಮ ಮಹಾಗ್ರಂಥವನ್ನು ಪ್ರಕಟಿಸಿದಾಗ ಈ ಬದಲಾವಣೆ ಅವರ ದೇಶದಲ್ಲಿಯೇ ನಡೆಯುತ್ತಿತ್ತು. ನಿಸರ್ಗದ ಆಯ್ಕೆ ಮನುಷ್ಯನ ಕಣ್ಣಿಗೆ ಗೋಚರವಾಗದಷ್ಟು ಮಂದಗತಿಯದೆಂದು ಅವರ ಎಣಿಕೆ. 1878ರಲ್ಲಿ ಆಲ್ಬರ್ಟ್ ಫಾರ್ನ್ ಎಂಬ ಸಂಗ್ರಾಹಕರು, ಬೇರೊಂದು ಜಾತಿಯ ಪತಂಗ ಕರಿಯ ನೆಲದಲ್ಲಿ ಕಪ್ಪಾಗಿಯೂ ಸುಣ್ಣಕಲ್ಲಿನ ನೆಲದಲ್ಲಿ ಬೆಳ್ಳಗೂ ಇರುವುದನ್ನು ವಿವರಿಸಿ, ಬಲಿಷ್ಠವಾದುದು ಉಳಿಯುವ ನಿಯಮಕ್ಕೆ ಇದು ನಿದರ್ಶನವಾಗಬಹುದೆ ಎಂದು ಅವರಿಗೇ ಕಾಗದ ಬರೆದಿದ್ದರು. ಆ ಕಾಗದ ವಿದ್ವಾಂಸರ ಗಮನಕ್ಕೆ ಬಂದುದು ತೀರ ಈಚೆಗೆ. ಹಕ್ಕಿಗಳು ಕಣ್ಣಿಗೆ ಬಿದ್ದ ಪತಂಗಗಳನ್ನು ತಿನ್ನುವುದೇ ಕಪ್ಪು ಹೆಚ್ಚಲು ಕಾರಣವೆಂದು ಜೆ. ಡಬ್ಲ್ಯು. ಟಟ್ ಸ್ಪಷ್ಟವಾಗಿ ಬರೆದುದು 1896ರಲ್ಲಿ.

ಇಲ್ಲಿ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಕಪ್ಪು ಬಣ್ಣದ ವಂಶವಾಹಿ ಪ್ರಬಲವಾದುದು; ತಂದೆ ಅಥವಾ ತಾಯಿ, ಒಬ್ಬರಿಂದ ಬಂದರೂ ಮರಿ ಕಪ್ಪಾಗುತ್ತದೆ. ಪ್ರಬಲವಾದುದು ತನ್ನ ಪ್ರಾಬಲ್ಯದಿಂದಲೇ ತಲೆಮಾರಿನಿಂದ ತಲೆಮಾರಿಗೆ ಹೆಚ್ಚಬಾರದೇಕೆ? ಮೆಂಡೆಲನ ನಿಯಮಗಳು ಬೆಳಕಿಗೆ ಬಂದ ಹೊಸದರಲ್ಲಿ ಈ ಶಂಕೆ ವಿದ್ವಾಂಸರನ್ನೂ ಕಾಡಿತು. ಕೇಂಬ್ರಿಜ್‌ನಲ್ಲಿ ಪನೆಟ್ ಅದನ್ನು ತಮ್ಮ ಕ್ರಿಕೆಟ್ ಸಂಗಾತಿಯಾದ ಗಣಿತಜ್ಞ ಹಾರ್ಡಿಯವರ ಮುಂದಿಟ್ಟರು. ಕೆಲವು ವರ್ಷಗಳ ತರುವಾಯ ರಾಮಾನುಜನ್ನರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಹಾರ್ಡಿಯವರೇ ಇವರು. 1908ರಲ್ಲಿ ಅವರು ಬರೆದ ಚಿಕ್ಕ ಪತ್ರವೂ, ಅದೇ ವರ್ಷ ಸ್ಟುಟ್‌ಗಾರ್ಟಿನ ವೈದ್ಯ ವೈನ್‌ಬರ್ಗ್ ಸ್ವತಂತ್ರವಾಗಿ ಕಂಡುಕೊಂಡ ಫಲವೂ ಒಂದೇ: ಸಮುದಾಯ ದೊಡ್ಡದಾಗಿದ್ದು, ಕೂಡುವಿಕೆ ಯಾದೃಚ್ಛಿಕವಾಗಿದ್ದು, ಹೊರಗಿನಿಂದ ವಲಸೆಯಾಗಲಿ ಹೊಸ ಉತ್ಪರಿವರ್ತನೆಯಾಗಲಿ ಆಯ್ಕೆಯಾಗಲಿ ಇಲ್ಲದಿದ್ದರೆ, ವಂಶವಾಹಿಗಳ ಪ್ರಮಾಣ ಎಷ್ಟು ತಲೆಮಾರು ಕಳೆದರೂ ಇದ್ದಂತೆಯೇ ಇರುತ್ತದೆ. ಪ್ರಾಬಲ್ಯ ಎಂಬುದು ತೋರಿಕೆಗೆ ಸಂಬಂಧಿಸಿದ್ದು, ಹೆಚ್ಚಳಕ್ಕೆ ಸಂಬಂಧಿಸಿದ್ದಲ್ಲ. ಪ್ರಮಾಣ ಬದಲಾಗಿದ್ದರೆ ಮೇಲಿನ ನಿಬಂಧನೆಗಳಲ್ಲಿ ಯಾವುದೋ ಒಂದು ಮುರಿದಿದೆಯೆಂದೇ ಅರ್ಥ.

ಈ ಸೂತ್ರದಿಂದ ಇನ್ನೊಂದು ಸಂಗತಿಯೂ ತಿಳಿದುಬರುತ್ತದೆ. ನೂರರಲ್ಲಿ 98 ಕಪ್ಪು, 2 ಬಿಳುಪು ಎಂದಿಟ್ಟುಕೊಳ್ಳೋಣ. ಬಿಳಿಯ ಪತಂಗವೆಂದರೆ ಎರಡು ಪಾಲೂ ಬಿಳಿಯ ವಂಶವಾಹಿಯನ್ನು ಪಡೆದದ್ದು. ಆದ್ದರಿಂದ ಆ ವಂಶವಾಹಿಯ ಪ್ರಮಾಣ 0.02ರ ವರ್ಗಮೂಲ, ಎಂದರೆ ಸುಮಾರು ನೂರಕ್ಕೆ 14. ಲೆಕ್ಕವನ್ನು ಮುಂದುವರಿಸಿದರೆ, ನೂರು ಪತಂಗಗಳಲ್ಲಿ ಸುಮಾರು 24 ಕಪ್ಪಾಗಿ ಕಂಡರೂ ಒಳಗೆ ಬಿಳಿಯ ವಂಶವಾಹಿಯೊಂದನ್ನು ಹೊತ್ತಿರುತ್ತವೆ. ನಿಬಂಧನೆಗಳು ಪೂರ್ತಿಯಾಗಿ ನಿಲ್ಲದ ಸಮುದಾಯದಲ್ಲಿ ಈ ಅಂಕೆ ಸ್ಥೂಲವಾದುದೇ ಸರಿ. ಆದರೂ ಬಿಳುಪು ಅಳಿದುಹೋಯಿತೆಂದು ಸಂಗ್ರಾಹಕರು ಬರೆಯುತ್ತಿದ್ದ ಕಾಲದಲ್ಲಿ ಅದು ಕಪ್ಪಿನ ಒಳಗೇ ಅಡಗಿತ್ತು. ಮುಂದಿನ ಶತಮಾನದ ವೃತ್ತಾಂತಕ್ಕೆ ಇದು ಮುಖ್ಯ.

ಮುರಿದ ನಿಬಂಧನೆ ಯಾವುದು? 1924ರಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಲೆಕ್ಕ ಹಾಕಿದರು. ವರ್ಷಕ್ಕೊಂದು ತಲೆಮಾರಿನಂತೆ ಸುಮಾರು ಐವತ್ತು ತಲೆಮಾರುಗಳಲ್ಲಿ ಕಪ್ಪು ಅತ್ಯಲ್ಪದಿಂದ ಅತ್ಯಧಿಕಕ್ಕೆ ಏರಬೇಕಾದರೆ, ಬಿಳಿಯದು ಎರಡು ಸಂತಾನವನ್ನು ಉಳಿಸುವಲ್ಲಿ ಕರಿಯದು ಮೂರನ್ನು ಉಳಿಸಬೇಕು. ಆ ಕಾಲದ ಅನೇಕರಿಗೆ ಇದು ನಂಬಲಾಗದಷ್ಟು ಪ್ರಬಲವಾದ ಆಯ್ಕೆಯಾಗಿ ತೋರಿತು. ಹೆಸ್ಲಪ್ ಹ್ಯಾರಿಸನ್ ಎಂಬ ವಿದ್ವಾಂಸರು ಬೇರೆ ದಾರಿ ಹಿಡಿದು, ಮಾಲಿನ್ಯದಲ್ಲಿರುವ ಲೋಹದ ಲವಣಗಳನ್ನು ತಿಂದ ಹುಳುಗಳಲ್ಲಿ ಕಪ್ಪು ತಾನಾಗಿ ಹುಟ್ಟುತ್ತದೆಯೆಂದು ಇತರ ಜಾತಿಯ ಪತಂಗಗಳ ಮೇಲೆ ಪ್ರಯೋಗ ನಡೆಸಿ 1926ರಲ್ಲಿ ಪ್ರಕಟಿಸಿದರು. ನಮ್ಮ ತರಗತಿಯ ವಾಕ್ಯಕ್ಕೆ ಇದಕ್ಕಿಂತ ಹತ್ತಿರದ ಶಾಸ್ತ್ರೀಯ ಬೆಂಬಲ ಸಿಕ್ಕಲಾರದು. ಆದರೆ ಆ ಫಲಿತಾಂಶ ಇತರರ ಕೈಯಲ್ಲಿ ಸಿದ್ಧಿಸಲಿಲ್ಲ. ಮೇಲಾಗಿ ಉತ್ಪರಿವರ್ತನೆಯೊಂದರಿಂದಲೇ ಇಷ್ಟು ಬದಲಾವಣೆಯಾಗಲು ಅದು ನಡೆಯಬೇಕಾದ ವೇಗ ಬೇರೆಲ್ಲಿಯೂ ಕಂಡರಿಯದುದು. ಹಾಲ್ಡೇನರು 1957ರಲ್ಲಿ ಭಾರತಕ್ಕೆ ಬಂದು ಕಲ್ಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಕೆಲಸ ಮಾಡಿ, ಇಲ್ಲಿಯ ಪೌರರೇ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಹಕ್ಕಿಗಳು ನಿಜವಾಗಿಯೂ ಆರಿಸಿ ತಿನ್ನುತ್ತವೆಯೆ ಎಂಬುದನ್ನು ಕಣ್ಣಾರೆ ನೋಡಹೊರಟವರು ಆಕ್ಸ್‌ಫರ್ಡಿನ ಕೆಟಲ್‌ವೆಲ್. ವೈದ್ಯವೃತ್ತಿಯನ್ನು ಬಿಟ್ಟು ಪತಂಗಗಳ ಬೆನ್ನು ಹತ್ತಿದವರು. ಅವರು ಗುರುತು ಹಾಕಿದ ಪತಂಗಗಳನ್ನು ಬಿಟ್ಟು, ಎಷ್ಟು ಮರಳಿ ಸಿಕ್ಕುತ್ತವೆಯೆಂದು ಎಣಿಸಿದರು. ಬರ್ಮಿಂಗ್‌ಹ್ಯಾಮಿನ ಬಳಿಯ ಮಸಿಹಿಡಿದ ಕಾಡಿನಲ್ಲಿ 1953ರಲ್ಲಿ ಬಿಟ್ಟ ಕರಿಯವು 447, ಮರಳಿ ಸಿಕ್ಕಿದುವು 123. ಬಿಳಿಯವು 137, ಸಿಕ್ಕಿದುವು 18. ಡಾರ್ಸೆಟ್ಟಿನ ನಿರ್ಮಲವಾದ ಕಾಡಿನಲ್ಲಿ 1955ರಲ್ಲಿ ಫಲ ತಿರುಗುಮುರುಗಾಯಿತು: ಬಿಳಿಯವು 496ರಲ್ಲಿ 62 ಸಿಕ್ಕಿದುವು, ಕರಿಯವು 473ರಲ್ಲಿ 30 ಮಾತ್ರ. ಎರಡೆಡೆಯಲ್ಲಿಯೂ ಮರೆಯಾಗಬಲ್ಲದ್ದು ಮರೆಯಾಗದುದಕ್ಕಿಂತ ಸುಮಾರು ಎರಡರಷ್ಟು ಉಳಿದಿತ್ತು.

ಪಠ್ಯಪುಸ್ತಕಗಳು ಇದನ್ನು ಎತ್ತಿಕೊಂಡು, ಕಾಂಡದ ಮೇಲೆ ಕರಿಯದೊಂದು ಬಿಳಿಯದೊಂದು ಪತಂಗವಿರುವ ಚಿತ್ರದೊಡನೆ ಸಿದ್ಧಾಂತವನ್ನು ಮುಗಿಸಿಬಿಟ್ಟುವು. ಅನೇಕ ಚಿತ್ರಗಳು ಸತ್ತ ಪತಂಗಗಳನ್ನು ಕಾಂಡಕ್ಕೆ ಅಂಟಿಸಿ ತೆಗೆದವು. ಪತಂಗಗಳು ಹೆಚ್ಚಾಗಿ ಕೂರುವುದು ಕೊಂಬೆಗಳಲ್ಲಿ. ಕೆಟಲ್‌ವೆಲ್ಲರು ಅವನ್ನು ಹಗಲಲ್ಲಿ, ಅದೂ ಕಾಂಡದ ಮೇಲೆ, ಒಂದೇ ಕಡೆ ಬಹುಸಂಖ್ಯೆಯಲ್ಲಿ ಬಿಟ್ಟಿದ್ದರು. 1998ರಿಂದ ಈ ಆಕ್ಷೇಪಗಳು ಬಲಗೊಂಡುವು. 2002ರಲ್ಲಿ ಬಂದ ಜೂಡಿತ್ ಹೂಪರರ ಗ್ರಂಥ ವಂಚನೆಯ ಸಂಶಯವನ್ನೂ ಸೂಚಿಸಿತು. ವಂಚನೆಯೆಂಬುದಕ್ಕೆ ಆಧಾರ ದೊರೆತಿಲ್ಲ. ನಮ್ಮ ಅಭಿಪ್ರಾಯದಲ್ಲಿ ಆ ಗ್ರಂಥ ವ್ಯಕ್ತಿಗಳ ಜಗಳವನ್ನು ಸಾಕ್ಷ್ಯವೆಂದು ಎಣಿಸಿದ ತಪ್ಪನ್ನು ಮಾಡಿದೆ. ಆದರೆ ಪ್ರಯೋಗಕ್ರಮದ ಮೇಲಿನ ಆಕ್ಷೇಪಗಳು ಸಾಧುವಾದವೇ ಆಗಿದ್ದುವು. ಅವುಗಳಿಗೆ ಸರಿಯಾದ ಉತ್ತರ ಇನ್ನೊಂದು ಪ್ರಯೋಗವೇ ಹೊರತು ವಾದವಲ್ಲ. ಕೇಂಬ್ರಿಜ್‌ನ ಮೈಕೆಲ್ ಮಜೆರಸ್ 2001ರಿಂದ 2007ರ ವರೆಗೆ ತಮ್ಮ ಮನೆಯ ತೋಟದಲ್ಲಿ 4,864 ಪತಂಗಗಳನ್ನು ಇರುಳಿನಲ್ಲಿ, ವಿರಳವಾಗಿ, ತಾವೇ ಜಾಗ ಹಿಡಿಯುವಂತೆ ಬಿಟ್ಟು, ಬೆಳಗ್ಗೆ ಹಕ್ಕಿಗಳು ತಿನ್ನುವುದನ್ನು ಕಾದು ನೋಡಿದರು. ತೋಟದ ಮರಗಳಲ್ಲಿ ಮಸಿಯಿರಲಿಲ್ಲ. ಅಲ್ಲಿ ಕರಿಯವು ಬಿಳಿಯವಕ್ಕಿಂತ ಹೆಚ್ಚಾಗಿ ಹಕ್ಕಿಗಳ ಪಾಲಾದುವು. ತಾವಾಗಿ ಕುಳಿತ ಪತಂಗಗಳಲ್ಲಿ ಮೂರರಲ್ಲೊಂದು ಪಾಲಿನಷ್ಟು ಕಾಂಡದ ಮೇಲೆಯೇ ಕಂಡುವು. ಮಜೆರಸ್ 2009ರಲ್ಲಿ ತೀರಿಕೊಂಡರು. ಅವರ ಅಂಕೆಗಳನ್ನು ಇತರ ವಿದ್ವಾಂಸರು 2012ರಲ್ಲಿ ಪ್ರಕಟಪಡಿಸಿದರು.

ಇಷ್ಟಾದರೂ, ಪ್ರಯೋಗಗಳಿಗಿಂತ ನಮ್ಮನ್ನು ಹೆಚ್ಚು ಒಪ್ಪಿಸಿದ ಸಾಕ್ಷ್ಯ ಬೇರೆ. 1952ರ ಡಿಸೆಂಬರಿನಲ್ಲಿ ಲಂಡನ್ ನಗರವನ್ನು ಕವಿದ ಹೊಗೆಮಂಜಿನಿಂದ ಸಾವಿರಾರು ಜನ ಸತ್ತರು. 1956ರಲ್ಲಿ ಶುದ್ಧವಾಯು ಶಾಸನ ಬಂದಿತು. ಶಾಸನ ಮಾಡಿದವರ ಮನಸ್ಸಿನಲ್ಲಿ ಪತಂಗವಿರಲಿಲ್ಲ. ಲಿವರ್‌ಪೂಲಿನ ವೈದ್ಯರಾದ ಸಿರಿಲ್ ಕ್ಲಾರ್ಕ್ ವಿರ್ರಲ್ ಪ್ರಾಂತದ ತಮ್ಮ ಮನೆಯ ಬಳಿ 1959ರಿಂದ ವರ್ಷ ವರ್ಷವೂ ಪತಂಗಗಳನ್ನು ಹಿಡಿದು ಎಣಿಸಿದರು. ಆರಂಭದಲ್ಲಿ ಕಪ್ಪು ನೂರಕ್ಕೆ 90ಕ್ಕೂ ಮೇಲಿದ್ದುದು 1994ರ ಹೊತ್ತಿಗೆ 20ಕ್ಕಿಂತ ಕೆಳಗಿಳಿದಿತ್ತು. ಅಮೆರಿಕದ ಮಿಷಿಗನ್ನಿನಲ್ಲಿಯೂ ಇದೇ ಜಾತಿಯ ಕರಿಯ ರೂಪ ಅದೇ ಅವಧಿಯಲ್ಲಿ ಅದೇ ತೆರನಾಗಿ ಇಳಿಯಿತು. ಏರಿಕೆಯನ್ನು ಮಾತ್ರ ಕಂಡವರು ಕಾಕತಾಳೀಯವೆನ್ನಬಹುದಿತ್ತು. ಕಾರಣವನ್ನು ತೆಗೆದಾಗ ಕಾರ್ಯವೂ ಹಿಂದಿರುಗಿದುದನ್ನು, ಅದೂ ಎರಡು ಖಂಡಗಳಲ್ಲಿ, ಇತಿಹಾಸಕಾರ ಕಾಣುವುದು ತೀರ ವಿರಳ. ಹಿಂದಿರುಗಿದ ಬಿಳುಪು ಬಹುಪಾಲು ಹೊಸದಾಗಿ ಹುಟ್ಟಿದುದಲ್ಲ. ಕರಿಯ ಪತಂಗಗಳ ಒಳಗೆ ಅಡಗಿ ಬಂದುದೂ, ಮಸಿಯಿಲ್ಲದ ನೆರೆನಾಡುಗಳಿಂದ ವಲಸೆ ಬಂದುದೂ ಅದರಲ್ಲಿ ಸೇರಿದ್ದುವು.

2016ರಲ್ಲಿ ಲಿವರ್‌ಪೂಲಿನ ಸಂಶೋಧಕರು ಕಪ್ಪಿನ ಮೂಲವನ್ನೇ ಗುರುತಿಸಿದರು. ಕಾರ್ಟೆಕ್ಸ್ ಎಂಬ ವಂಶವಾಹಿಯೊಳಕ್ಕೆ, ಸ್ಥಾನ ಬದಲಿಸಬಲ್ಲ ಸುಮಾರು 22,000 ಅಕ್ಷರಗಳ ಡಿಎನ್ಎ ತುಣುಕೊಂದು ಸೇರಿಕೊಂಡಿದೆ. ಇದು ಒಂದೇ ಬಾರಿ, ಒಂದೇ ಪೂರ್ವಜನಲ್ಲಿ ನಡೆದದ್ದು. ಅದರ ಅಕ್ಕಪಕ್ಕದ ಡಿಎನ್ಎ ತಲೆಮಾರುಗಳಲ್ಲಿ ಎಷ್ಟು ಕಲೆತಿದೆಯೆಂಬುದನ್ನು ಅಳೆದು ಅವರು ಕೊಟ್ಟ ಕಾಲ 1819ರ ಆಸುಪಾಸು. ಎಡಲ್‌ಸ್ಟನ್ನರ ಪತಂಗಕ್ಕೂ ಇದಕ್ಕೂ ನಡುವೆ ಸುಮಾರು 29 ವರ್ಷಗಳ ಮೌನವಿದೆ. ಕಾಲನಿರ್ಣಯ ಅಂದಾಜಿನದಾದುದರಿಂದ ಒಂದೆರಡು ದಶಕ ಆಚೀಚೆಯಾಗಬಹುದು. ಆದರೆ ಮೌನದಿಂದ ನಮಗೆ ಆಶ್ಚರ್ಯವಾಗಲಿಲ್ಲ. ಹೊಸ ಉತ್ಪರಿವರ್ತನೆ ಎಷ್ಟೇ ಹಿತಕರವಾಗಿದ್ದರೂ ಮೊದಮೊದಲು ಕೆಲವೇ ಜೀವಿಗಳಲ್ಲಿ ಇರುವುದರಿಂದ ಒಂದು ಮಳೆ, ಒಂದು ಹಕ್ಕಿ ಅದನ್ನು ಅಳಿಸಿಬಿಡಬಹುದು. ಅದು ಉಳಿಯುವ ಸಂಭಾವ್ಯತೆ ಅದರ ಹಿತದ ಪ್ರಮಾಣದ ಸುಮಾರು ಎರಡರಷ್ಟು ಮಾತ್ರವೆಂದು ಹಾಲ್ಡೇನ್ 1927ರಲ್ಲಿಯೇ ತೋರಿಸಿದ್ದರು. ಹಿತ ನೂರಕ್ಕೆ 10 ಇದ್ದರೆ ಉಳಿಯುವ ಅವಕಾಶ ನೂರಕ್ಕೆ 20. ಎಂದರೆ ಅಂಥ ಐದರಲ್ಲಿ ನಾಲ್ಕು ಯಾರ ಪೆಟ್ಟಿಗೆಗೂ ಸೇರದೆ ಅಳಿಯುತ್ತವೆ. ಲ್ಯಾಂಕಾಶೈರಿನ ಕಾಡುಗಳಲ್ಲಿ ಇದಕ್ಕೆ ಮುಂಚೆ ಎಷ್ಟು ಕರಿಯ ಪತಂಗಗಳು ಹುಟ್ಟಿ, ಬೆಳ್ಳನೆಯ ತೊಗಟೆಯ ಮೇಲೆ ಕುಳಿತು, ಹಕ್ಕಿಗಳಿಗೆ ಆಹಾರವಾದುವೋ ಅದರ ದಾಖಲೆ ಎಲ್ಲಿಯೂ ಇಲ್ಲ.