ರಾಬರ್ಟ್ ಕಾಲ್ಡ್‌ವೆಲ್ – ಕನ್ನಡದ ನಂಟನ್ನು ಫಿನ್ಲೆಂಡಿನವರೆಗೆ ಅರಸಿದ ಭಾಷಾವಿಜ್ಞಾನಿ

ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ ಅರ್ಧ ಗಂಟೆ ಅಡ್ಡಾಡಿದರೆ ತೆಲುಗು, ಉರ್ದು, ಮರಾಠಿ, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ವಿಜಯನಗರದ ಅರಸನ ಹೆಸರು ಹೊತ್ತು 1901ರಲ್ಲಿ ಆರಂಭವಾದ ಶ್ರೀಕೃಷ್ಣದೇವರಾಯಾಂಧ್ರ ಭಾಷಾನಿಲಯವೂ ಇಲ್ಲಿಯೇ ಇದೆ. ಇಲ್ಲಿ ನಾವು ‘ಹಾಲು’ ಎಂದರೆ ತೆಲುಗರು ‘ಪಾಲು’ ಎನ್ನುತ್ತಾರೆ. ನಮ್ಮ ‘ಹುಲಿ’ ಅವರಿಗೆ ‘ಪುಲಿ’, ನಮ್ಮ ‘ಹಂದಿ’ ಅವರಿಗೆ ‘ಪಂದಿ’. ಇಂತಹ ಹೋಲಿಕೆಗಳು ಆಕಸ್ಮಿಕವಲ್ಲ, ಒಂದೇ ಕುಟುಂಬದ ಗುರುತುಗಳು ಎಂಬುದನ್ನು ವಿಸ್ತಾರವಾಗಿ ನಿರೂಪಿಸಿದವರು ರಾಬರ್ಟ್ ಕಾಲ್ಡ್‌ವೆಲ್. ಅದೇ ಗ್ರಂಥದಲ್ಲಿ ಅವರು ನಮ್ಮ ಭಾಷೆಗಳನ್ನು ಫಿನ್ಲೆಂಡ್ ಮತ್ತು ಹಂಗೇರಿಯ ಭಾಷೆಗಳೊಡನೆಯೂ ಜೋಡಿಸಿದರೆಂಬುದು ಹೆಚ್ಚಿನವರಿಗೆ ತಿಳಿಯದು.

ಜೀವನ

ಕಾಲ್ಡ್‌ವೆಲ್ ಅವರು 1814ರ ಮೇ 7ರಂದು ಐರ್ಲೆಂಡಿನಲ್ಲಿ ಸ್ಕಾಟ್ ದಂಪತಿಗಳ ಮಗನಾಗಿ ಜನಿಸಿದರು. ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಓದುವಾಗ ಗ್ರೀಕ್ ಪ್ರಾಧ್ಯಾಪಕ ಡೇನಿಯಲ್ ಸ್ಯಾಂಡ್‌ಫರ್ಡ್ ಅವರಿಂದ ತೌಲನಿಕ ಭಾಷಾಶಾಸ್ತ್ರದ ರುಚಿ ಹತ್ತಿತು. 1838ರಲ್ಲಿ ಮಿಷನರಿಯಾಗಿ ಮದರಾಸಿಗೆ ಬಂದರು. ಅವರು ಬಂದ ಹಡಗಿನಲ್ಲಿಯೇ ತೆಲುಗು ನಿಘಂಟುಕಾರ ಸಿ.ಪಿ. ಬ್ರೌನ್ ಅವರೂ ಇದ್ದರು. 1841ರಿಂದ ತಿರುನೆಲ್ವೇಲಿ ಸೀಮೆಯ ಇಡೈಯನ್‌ಗುಡಿಯಲ್ಲಿ ನೆಲೆಸಿ, 1877ರಲ್ಲಿ ಬಿಷಪ್ ಪದವಿಗೇರಿದರು. 1891ರ ಆಗಸ್ಟ್ 28ರಂದು ಕೊಡೈಕನಾಲಿನಲ್ಲಿ ನಿಧನರಾದರು. ತಿರುನೆಲ್ವೇಲಿಯ ಒಂದು ಸಮುದಾಯದ ಬಗ್ಗೆ ಅವರು 1849ರಲ್ಲಿ ಬರೆದ ಪುಸ್ತಕವು ಆ ಜನರ ತೀವ್ರ ಅಸಮಾಧಾನಕ್ಕೆ ಕಾರಣವಾಯಿತೆಂಬುದನ್ನೂ ಇಲ್ಲಿ ಹೇಳಬೇಕು.

ಮಹಾಗ್ರಂಥ

ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ ಎಂಬ ಮಾತನ್ನು ಮದರಾಸಿನ ಅಧಿಕಾರಿ ಎಫ್.ಡಬ್ಲ್ಯು. ಎಲ್ಲಿಸ್ ಅವರು 1816ರಲ್ಲಿಯೇ ಹೇಳಿದ್ದರು. ಆದರೆ ಅದು ಕ್ಯಾಂಪ್‌ಬೆಲ್ ಅವರ ತೆಲುಗು ವ್ಯಾಕರಣದ ಮುನ್ನುಡಿಗೆ ಸೇರಿದ ಟಿಪ್ಪಣಿಯಾಗಿ ಉಳಿಯಿತು. 1856ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಕಾಲ್ಡ್‌ವೆಲ್ ಅವರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವು ಈ ವಾದಕ್ಕೆ ಭದ್ರವಾದ ಬುನಾದಿ ಹಾಕಿತು. ಕುಮಾರಿಲ ಭಟ್ಟನ ಸಂಸ್ಕೃತ ಗ್ರಂಥದಲ್ಲಿ ಕಂಡ ‘ದ್ರಾವಿಡ’ ಪದವನ್ನು ಅವರು ಇಡೀ ಕುಟುಂಬದ ಹೆಸರಾಗಿ ಬಳಸಿದರು. 1875ರ ಎರಡನೆಯ ಆವೃತ್ತಿಯಲ್ಲಿ ಹನ್ನೆರಡು ಭಾಷೆಗಳನ್ನು ಎಣಿಸಿದರು: ತಮಿಳು, ಮಲಯಾಳ, ತೆಲುಗು, ಕನ್ನಡ, ತುಳು, ಕೊಡಗು ಇವು ಒಂದು ಗುಂಪು, ತೋಡ, ಕೋತ, ಗೊಂಡಿ, ಖೊಂಡ್, ಒರಾವ್, ರಾಜಮಹಲ್ ಇನ್ನೊಂದು ಗುಂಪು. ಸಂಸ್ಕೃತದಿಂದ ಎಷ್ಟೇ ಪದಗಳನ್ನು ಪಡೆದಿದ್ದರೂ ಕನ್ನಡದ ಸರ್ವನಾಮ, ಸಂಖ್ಯಾವಾಚಕ, ವಿಭಕ್ತಿ, ಕ್ರಿಯಾರೂಪಗಳು ಅದರ ಸ್ವಂತ ಆಸ್ತಿ ಎಂಬುದು ಇದರಿಂದ ಸ್ಪಷ್ಟವಾಯಿತು.

ಫಿನ್ನೋ-ಉಗ್ರಿಕ್ ನಂಟಿನ ಊಹೆ

ಯೂರೋಪಿನಲ್ಲಿ ಅಷ್ಟರೊಳಗೆ ಇನ್ನೊಂದು ಕುಟುಂಬದ ಗುರುತು ಸಿಕ್ಕಿತ್ತು. 1769ರಲ್ಲಿ ಸೂರ್ಯನೆದುರು ಶುಕ್ರನು ಹಾಯುವುದನ್ನು ನೋಡಲು ನಾರ್ವೆಯ ಉತ್ತರದ ತುದಿಗೆ ಹೋಗಿದ್ದ ಹಂಗೇರಿಯ ಪಾದ್ರಿ ಯಾನೋಶ್ ಶಾಯ್ನೋವಿಚ್ ಅವರು ಅಲ್ಲಿನ ಸಾಮಿ ಜನರ ಭಾಷೆಯೂ ತಮ್ಮ ಹಂಗೇರಿಯನ್ ಭಾಷೆಯೂ ಒಂದೇ ಮೂಲದವೆಂದು 1770ರಲ್ಲಿ ಬರೆದರು. ಮೀನು ಹಿಡಿದು, ಹಿಮಸಾರಂಗ ಸಾಕಿ ಬದುಕುವವರ ನಂಟು ಅನೇಕ ಹಂಗೇರಿಯನ್ನರಿಗೆ ರುಚಿಸಲಿಲ್ಲ. ಆದರೂ ಆ ನಂಟು ನಿಜವೆಂದು ಸ್ಥಾಪಿತವಾಯಿತು.

ಕಾಲ್ಡ್‌ವೆಲ್ ಅವರು ಫಿನ್ನಿಶ್, ತುರ್ಕಿ, ಮಂಗೋಲಿಯನ್ ಮುಂತಾದ ಭಾಷೆಗಳನ್ನು ‘ಸಿಥಿಯನ್’ ಎಂಬ ಒಂದೇ ಗುಂಪಿಗೆ ಸೇರಿಸಿ, ದ್ರಾವಿಡವು ಆ ಗುಂಪಿನ ಬಂಧು, ಅದರಲ್ಲಿಯೂ ಫಿನ್ನಿಶ್ ಶಾಖೆಗೆ ಹತ್ತಿರದ್ದು ಎಂದು ಭಾವಿಸಿದರು. ಅದಕ್ಕೆ ಕಾರಣಗಳಿದ್ದವು. ನಮ್ಮ ‘ಮನೆ-ಗಳ-ಲ್ಲಿ’ ಎಂಬಂತೆಯೇ ಹಂಗೇರಿಯನ್ನಿನಲ್ಲಿ ‘ಹಾಜ್-ಅಕ್-ಬನ್’: ಮೊದಲು ಮನೆ, ಬಳಿಕ ಬಹುವಚನ, ಕೊನೆಗೆ ವಿಭಕ್ತಿ. ನಿಷೇಧವನ್ನು ಕ್ರಿಯಾಪದದ ರೂಪದಲ್ಲಿಯೇ ಹೇಳುವ ಪದ್ಧತಿ ‘ಅರಿಯೆನು, ಅರಿಯನು’ ಎಂಬ ನಮ್ಮ ರೂಪಗಳಲ್ಲಿದೆ. ಫಿನ್ನಿಶ್‌ನಲ್ಲಿಯೂ ‘ಇಲ್ಲ’ ಎಂಬ ಪದವೇ ಪುರುಷಕ್ಕೆ ತಕ್ಕಂತೆ ಬದಲಾಗುತ್ತದೆ.

ಆಚೆಯ ಕಡೆಯಿಂದಲೂ ಒಬ್ಬರು ಬಂದರು. ಹಂಗೇರಿಯ ಗಾಬೋರ್ ಬಾಲಿಂಟ್ (1844–1913) ಅವರು 1877ರಲ್ಲಿ ಸೇಚೇನಿ ಅವರ ಏಷ್ಯಾ ಯಾತ್ರೆಯಲ್ಲಿ ಹೊರಟು, ಅನಾರೋಗ್ಯದಿಂದ ಆ ತಂಡವನ್ನು ಬಿಡಬೇಕಾಯಿತು. ತಮಿಳನ್ನು ಕಲಿತ ಅವರು ಅದು ಹಂಗೇರಿಯನ್ನಿನ ಬಂಧುವೆಂದು ವಾದಿಸಿ 1888ರಲ್ಲಿ ಒಂದು ಕೃತಿಯನ್ನೂ 1897ರಲ್ಲಿ ವಿಸ್ತಾರವಾದ ತಮಿಳು ಅಧ್ಯಯನವನ್ನೂ ಪ್ರಕಟಿಸಿದರು.

ಹೋಲಿಕೆಯೂ ರಕ್ತಸಂಬಂಧವೂ

ಈ ಎರಡನೆಯ ವಾದವೇಕೆ ನಿಲ್ಲಲಿಲ್ಲ? ಹಳಗನ್ನಡದ ‘ಪಾಲ್’, ‘ಪುಲಿ’ಗಳು ನಮ್ಮಲ್ಲಿ ಹಕಾರಕ್ಕೆ ತಿರುಗಿದವು, ತೆಲುಗಿನಲ್ಲಿ ಪಕಾರವೇ ಉಳಿಯಿತು, ಈ ಬದಲಾವಣೆ ಪದದಿಂದ ಪದಕ್ಕೆ ನಿಯಮದಂತೆ ನಡೆದಿದೆ. ಫಿನ್ನಿಶ್‌ನಲ್ಲಿ ಮರಕ್ಕೆ ‘ಪೂ’, ಹಂಗೇರಿಯನ್ನಿನಲ್ಲಿ ‘ಫ’. ತಲೆಗೆ ‘ಪ್ಯಾ’ ಮತ್ತು ‘ಫೆಯ್’. ಅಲ್ಲಿಯೂ ಅದೇ ನಿಯಮಬದ್ಧತೆ. ಆದರೆ ಈ ಎರಡು ಕುಟುಂಬಗಳನ್ನು ಪರಸ್ಪರ ಬೆಸೆಯುವ ಇಂತಹ ನಿಯಮಗಳು ಎಲ್ಲರೂ ಒಪ್ಪುವಂತೆ ಸಿಕ್ಕಿಲ್ಲ. ಕೈಯನ್ನು ಫಿನ್ನಿಶ್‌ನಲ್ಲಿ ‘ಕ್ಯಾಸಿ’ ಎನ್ನುತ್ತಾರೆಂದು ಕೇಳಿದೊಡನೆ ನಮ್ಮ ‘ಕೈ’ ನೆನಪಾಗುತ್ತದೆ. ಆದರೆ ಅದರ ಹಳೆಯ ರೂಪ ‘ಕ್ಯಾತೆ’. ಆ ತಕಾರ ನಮ್ಮ ‘ಕೈ’ಯಲ್ಲಿಲ್ಲ. ಒಂದೆರಡು ನಮೂದುಗಳು ಹೊಂದಿದ ಮಾತ್ರಕ್ಕೆ ಇಡೀ ಲೆಕ್ಕ ತಾಳೆಯಾಯಿತೆನ್ನಲು ಬರುವುದಿಲ್ಲವಷ್ಟೆ! ಪ್ರತ್ಯಯಗಳನ್ನು ಸಾಲಾಗಿ ಅಂಟಿಸುವ ಗುಣವಂತೂ ನಂಟಿಲ್ಲದ ಎಷ್ಟೋ ಭಾಷೆಗಳಲ್ಲಿದೆ.

ಆದರೂ ಪ್ರಶ್ನೆ ಕಾಲ್ಡ್‌ವೆಲ್ ಅವರೊಡನೆ ಮುಗಿಯಲಿಲ್ಲ. ಥಾಮಸ್ ಬರೋ ಅವರು 1940ರ ದಶಕದಲ್ಲಿ ದೇಹದ ಅಂಗಗಳ ಹೆಸರುಗಳನ್ನು ಹಿಡಿದು ಇದನ್ನು ಮತ್ತೆ ಪರಿಶೀಲಿಸಿದರು. ನಮ್ಮೂರಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಭಾಷಾವಿಜ್ಞಾನ ವಿಭಾಗವನ್ನು ಕಟ್ಟಿದ ಭದ್ರಿರಾಜು ಕೃಷ್ಣಮೂರ್ತಿ ಅವರು 2003ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ಬೃಹದ್ಗ್ರಂಥವು ಕಾಲ್ಡ್‌ವೆಲ್ ತೆರೆದ ದಾರಿಯ ಮುಂದುವರಿಕೆ. ಹೊರಗಿನ ಯಾವ ಕುಟುಂಬದೊಡನೆಯೂ ದ್ರಾವಿಡದ ನಂಟು ಸಿದ್ಧವಾಗಿಲ್ಲವೆಂಬುದೇ ಇಂದು ಬಹುಪಾಲು ವಿದ್ವಾಂಸರ ನಿಲುವು.

ಮದರಾಸಿನ ಮರೀನಾ ತೀರದಲ್ಲಿ 1968ರಲ್ಲಿ ಕಾಲ್ಡ್‌ವೆಲ್ ಅವರ ಪ್ರತಿಮೆ ನಿಂತಿತು. 2010ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಸ್ಮಾರಕ ಅಂಚೆಚೀಟಿಯನ್ನು ಹೊರತಂದಿತು. ಅವರು ದೂರದಲ್ಲಿ ಹುಡುಕಿದ ನಂಟರು ದೊರೆಯಲಿಲ್ಲ. ಹತ್ತಿರದಲ್ಲಿ ತೋರಿಸಿಕೊಟ್ಟ ನಂಟರು ಮಾತ್ರ ಸುಲ್ತಾನ್ ಬಜಾರಿನಲ್ಲಿ ದಿನವೂ ಎದುರಾಗುತ್ತಾರೆ. ‘ಪಾಲು’ ಎಂಬ ಮಾತು ಕಿವಿಗೆ ಬಿದ್ದಾಗ ಅದು ನಮ್ಮ ಹಳಗನ್ನಡದ ದನಿಯೂ ಹೌದೆಂಬುದನ್ನು ನೆನೆದರೆ, ಹೊರನಾಡಿನಲ್ಲಿರುವ ನಮಗೆ ಈ ಊರು ಅಷ್ಟೇನೂ ಪರಸ್ಥಳವೆನಿಸದು.