ಚುಕ್ಕೆಗೆರೆಯ ದಾರಿಗಳು

ನಮ್ಮ ಕಡೆಯ ಯಾವುದಾದರೂ ಹಳ್ಳಿಯ ಗ್ರಾಮನಕ್ಷೆಯನ್ನು ಬಿಡಿಸಿ ನೋಡಿದರೆ ಸರ್ವೆ ನಂಬರುಗಳ ಗೆರೆಗಳ ನಡುವೆ ಚುಕ್ಕೆಚುಕ್ಕೆಯಾಗಿ ಓಡುವ ಬೇರೆ ಗೆರೆಗಳೂ ಕಾಣುತ್ತವೆ. ಒಂಟಿಯಾಗಿದ್ದರೆ ಕಾಲುದಾರಿ, ಜೋಡಿಯಾಗಿದ್ದರೆ ಬಂಡಿದಾರಿ. ಅವು ಊರೊಳಗಿಂದ ಹೊರಟು ಕೆರೆ ಏರಿಯನ್ನು ಹತ್ತಿ, ಕೋಡಿಯ ಪಕ್ಕದಲ್ಲಿ ಇಳಿದು, ಗುಂಡುತೋಪನ್ನು ಬಳಸಿಕೊಂಡು ಊರಿನ ಎಲ್ಲೆಯವರೆಗೆ ಹೋಗಿ ನಿಲ್ಲುತ್ತವೆ. ಪಕ್ಕದೂರಿನ ನಕ್ಷೆಯನ್ನು ತಂದು ಹೊಂದಿಸಿಟ್ಟರೆ ಅದೇ ದಾರಿ ಅಲ್ಲಿಂದ ಮುಂದುವರಿಯುತ್ತದೆ. ಕಂದಾಯದವರ ಬಾಯಲ್ಲಿ ಇವು ‘ನಕಾಶೆ ಕಂಡ ದಾರಿ’ಗಳು. ಶಿಡ್ಲಘಟ್ಟದವನಾದ ನಾನು ಕೆಲವು ವರ್ಷಗಳಿಂದ ಭಾನುವಾರಗಳಲ್ಲಿ ಇವುಗಳ ಜಾಡು ಹಿಡಿದು ನಡೆಯುತ್ತಿದ್ದೇನೆ. ಹೆಚ್ಚಾಗಿ ಪಡುವಣಕ್ಕೆ, ನಂದಿ ಬೆಟ್ಟದ ಕಡೆಗೆ.

ದಾರಿಗೆ ಇತಿಹಾಸ ಬರೆಯುವುದು ಸುಲಭವಲ್ಲ. ಕೋಟೆಗೆ ಕಟ್ಟಿಸಿದವನ ಹೆಸರಿರುತ್ತದೆ, ಗುಡಿಗೆ ದತ್ತಿ ಬಿಟ್ಟವನ ಶಾಸನವಿರುತ್ತದೆ. ಕಾಲುದಾರಿಯನ್ನು ಯಾರೂ ಕಟ್ಟಿಸಲಿಲ್ಲ. ನಡೆದವರ ಪಾದವೇ ಅದರ ಕಾಮಗಾರಿ. ಆದರೂ ಸಾಕ್ಷಿ ಇಲ್ಲದಿಲ್ಲ. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹತ್ತನೆಯ ಸಂಪುಟ 1905ರಲ್ಲಿ ಬಂತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅಲ್ಲಿಯವರೆಗೆ ನಾವೆಲ್ಲ ಕೋಲಾರದವರೇ. ಹಾಗಾಗಿ ಶಿಡ್ಲಘಟ್ಟ ತಾಲ್ಲೂಕಿನ ಶಾಸನಗಳು ಆ ಕೋಲಾರ ಸಂಪುಟದಲ್ಲಿವೆ. ಶಾಸನದ ಪಾಠಕ್ಕಿಂತ ನನಗೆ ಇಷ್ಟವಾದದ್ದು ಅದರ ತಲೆಯ ಮೇಲಿನ ಸಣ್ಣ ಟಿಪ್ಪಣಿ: ಯಾವ ಹೋಬಳಿ, ಯಾವ ಊರು, ಕಲ್ಲು ನಿಂತಿರುವುದು ಎಲ್ಲಿ ಎಂಬ ಒಂದೆರಡು ಸಾಲು. ನಮ್ಮ ಸೀಮೆಯಲ್ಲಿ ವೀರಗಲ್ಲುಗಳು ಹೆಚ್ಚು. ದನ ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತವನ ಕಲ್ಲು ಎಷ್ಟೋ ಕಡೆ ಊರ ಹೊರಗೆ, ದನ ಹೋಗುವ ದಾರಿಯ ಬದಿಯಲ್ಲೇ ನಿಂತಿದೆ. ಈಗ ಬರಿಯ ರಾಗಿ ಹೊಲದ ನಡುವೆ ಅನಾಥವಾಗಿ ಕಾಣುವ ಕಲ್ಲನ್ನು ಗ್ರಾಮನಕ್ಷೆಯ ಮೇಲೆ ಗುರುತು ಹಾಕಿ ನೋಡಿ. ಹಲವು ಸಲ ಅದರ ಪಕ್ಕದಲ್ಲೇ ಚುಕ್ಕೆಗೆರೆ ಹಾದುಹೋಗಿರುತ್ತದೆ.

ಆ ಗೆರೆಗಳನ್ನು ಎಳೆದದ್ದು ಮೈಸೂರು ಸಂಸ್ಥಾನದ ಕಂದಾಯ ಸರ್ವೆ. 1863ರಲ್ಲಿ ಶುರುವಾದ ಆ ಕೆಲಸ ಬ್ರಿಟಿಷ್ ಕಮಿಷನರ ಆಡಳಿತದ ಕಾಲದ್ದು. ಸರ್ಕಾರಕ್ಕೆ ಬೇಕಾಗಿದ್ದದ್ದು ಕಂದಾಯ. ಎಷ್ಟು ಎಕರೆ ಎಷ್ಟು ಗುಂಟೆ ಸಾಗುವಳಿಗೆ ಬರುತ್ತದೆ ಎಂದು ಗೊತ್ತಾಗಬೇಕಾದರೆ ಬಾರದ ಜಾಗವನ್ನು ಕಳೆಯಲೇಬೇಕಲ್ಲ? ಹಾಗೆ ಕಳೆದ ಜಾಗವೇ ಖರಾಬು. ಕಲ್ಲುಬಂಡೆಯಂಥದ್ದು ‘ಎ ಖರಾಬು’. ದಾರಿ, ಹಳ್ಳ, ರಾಜಕಾಲುವೆ, ಸ್ಮಶಾನದಂಥ ಎಲ್ಲರ ಉಪಯೋಗದ ಜಾಗ ‘ಬಿ ಖರಾಬು’. ನಮ್ಮ ಕಾಲುದಾರಿಗಳು ದಾಖಲೆಗೆ ಬಂದದ್ದು ಹೀಗೆ, ಯಾರ ಪ್ರೀತಿಯಿಂದಲೂ ಅಲ್ಲ, ಲೆಕ್ಕದ ಕಳೆಯುವಿಕೆಯಿಂದ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸರ್ವೆಗೂ ಅರವತ್ತು ವರ್ಷ ಮೊದಲೇ ಈ ದಾರಿಯಲ್ಲಿ ಒಬ್ಬ ಪರದೇಶಿ ಬಂದುಹೋಗಿದ್ದ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಹೊಸದಾಗಿ ಕೈಸೇರಿದ ಸೀಮೆಯಲ್ಲಿ ಏನೇನಿದೆ ನೋಡಿ ಬಾ ಎಂದು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್‌ನನ್ನು ಕಳಿಸಿದ. ಅವನು ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ಬರೆದದ್ದು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಆ ಮಳೆಗಾಲದಲ್ಲಿ ಕೋಲಾರದ ಕಡೆಯಿಂದ ಶಿಡ್ಲಘಟ್ಟಕ್ಕೆ, ಇಲ್ಲಿಂದ ಚಿಕ್ಕಬಳ್ಳಾಪುರಕ್ಕೆ, ಅಲ್ಲಿಂದ ದೊಡ್ಡಬಳ್ಳಾಪುರಕ್ಕೆ ಅವನು ಹೋದ. ನಮ್ಮ ಊರನ್ನು ‘ಸಿಲಗುಟ್ಟ’ ಎಂದು ಬರೆದಿದ್ದಾನೆ. ಮೊದಲ ಸಲ ಓದಿದಾಗ ಇದಾವ ಊರೆಂದು ತಿಳಿಯಲು ಒಂದು ಗಳಿಗೆ ಬೇಕಾಗುತ್ತದೆ.

ಬುಕಾನನ್‌ನ ಬರಹ ಕೆಲವರಿಗೆ ಒಣಒಣ ಅನ್ನಿಸುತ್ತದೆ. ನನಗೆ ಹಾಗನ್ನಿಸಿಲ್ಲ. ದಿನಕ್ಕೆ ಕೆಲವೇ ಹರದಾರಿ ಸಾಗುವವನಿಗೆ ಮಾತ್ರ ಕಾಣುವ ಸಂಗತಿಗಳು ಅದರಲ್ಲಿವೆ: ಮಣ್ಣು ಎಲ್ಲಿ ಕೆಂಪಾಯಿತು, ಕೆರೆಯ ಕೆಳಗೆ ಏನು ಬೆಳೆ, ಬಾವಿಯಿಂದ ನೀರೆತ್ತುವುದು ಹೇಗೆ, ಸುಗ್ಗಿಯಲ್ಲಿ ರಾಶಿ ಹಂಚುವಾಗ ಯಾರಿಗೆಷ್ಟು. ಯುದ್ಧದಿಂದ ಪಾಳು ಬಿದ್ದ ಹೊಲಗಳನ್ನೂ ಅವನು ಎಣಿಸುತ್ತ ಹೋಗುತ್ತಾನೆ. ಅವನದು ಒಡೆಯನ ಕಣ್ಣು, ನಿಜ. ಆದರೆ ಇವತ್ತು ಇದೇ ಶಿಡ್ಲಘಟ್ಟ–ಚಿಕ್ಕಬಳ್ಳಾಪುರದ ಸುಮಾರು ನಾಲ್ಕು ಹರದಾರಿಯನ್ನು ಬಸ್ಸಿನಲ್ಲಿ ಮುಗಿಸುವ ನಮಗೆ ಆ ಮಣ್ಣಿನ ಬಣ್ಣವೂ ತಿಳಿಯುವುದಿಲ್ಲ.

ಇನ್ನು ನಂದಿ. ಬೆಟ್ಟದ ತಪ್ಪಲಿನ ಭೋಗನಂದೀಶ್ವರ ಗುಡಿಗೆ ಸಂಬಂಧಿಸಿದ ಹಳೆಯ ಶಾಸನ 806ರದ್ದು. ಎಂದರೆ ಹನ್ನೆರಡು ಶತಮಾನಗಳಿಂದ ಜನ ಅಲ್ಲಿಗೆ ನಡೆದು ಬರುತ್ತಿದ್ದಾರೆ. ಶಿವರಾತ್ರಿಯ ನಂದಿ ಜಾತ್ರೆ ದನಗಳ ಜಾತ್ರೆಯೂ ಹೌದು. ಲಾರಿ ಟೆಂಪೋಗಳು ಬರುವ ಮೊದಲು ಸುತ್ತಲ ಊರುಗಳ ಎತ್ತುಗಳೆಲ್ಲ ಕಾಲ್ನಡಿಗೆಯಲ್ಲೇ ಜಾತ್ರೆಗೆ ಹೋಗಬೇಕಿತ್ತು. ನಂದಿಯ ಸುತ್ತ ಕೂಡುವ ಬಂಡಿದಾರಿಗಳು ಅಷ್ಟು ಅಗಲವಾಗಿರುವುದಕ್ಕೆ ಕಾರಣ ಇದೇ ಇರಬೇಕು ಎಂದು ನನ್ನ ಊಹೆ.

ಬೆಟ್ಟಕ್ಕೆ ಬೇರೆ ಥರದ ಕಾಲುಗಳೂ ಬಂದವು. 1791ರಲ್ಲಿ ಬೆಂಗಳೂರನ್ನು ಹಿಡಿದ ಕಾರ್ನ್‌ವಾಲಿಸ್‌ಗೆ ಶ್ರೀರಂಗಪಟ್ಟಣದ ಮೇಲೆ ಏರಿಹೋಗುವ ಮೊದಲು ಹಿಂದಿನ ದವಸದ ದಾರಿ ಭದ್ರವಾಗಬೇಕಿತ್ತು. ಅದಕ್ಕೆ ನಂದಿದುರ್ಗ ಅಡ್ಡವಾಗಿತ್ತು. ಮೇಜರ್ ಗೌಡಿ ಎಂಬವನ ಪಡೆ ಮುತ್ತಿಗೆ ಹಾಕಿತು. (ಹೆಸರು ನೋಡಿ ನಮ್ಮವನೇ ಅಂದುಕೊಳ್ಳಬೇಡಿ, ಸ್ಕಾಟ್ಲೆಂಡಿನ ಕಡೆಯ ಹೆಸರು.) ಫಿರಂಗಿಗಳನ್ನು ಮೇಲಕ್ಕೆ ಎಳೆಯಲು ಬೆಟ್ಟದ ಮೈಯಲ್ಲೇ ದಾರಿ ಕಡಿಯಬೇಕಾಯಿತು. ಮುತ್ತಿಗೆಯ ಹೆಚ್ಚಿನ ದಿನಗಳು ಹೋದದ್ದು ಕಾದಾಟದಲ್ಲಲ್ಲ, ಈ ದಾರಿ ಕಡಿಯುವುದರಲ್ಲಿ. ಅಕ್ಟೋಬರ್ ನಡುವಿನ ಒಂದು ಇರುಳು ಜನರಲ್ ಮೆಡೋಸ್‌ನ ನೇತೃತ್ವದಲ್ಲಿ ಕೋಟೆ ಹತ್ತಿದರು. ನಲವತ್ತು ಐವತ್ತು ವರ್ಷ ಕಳೆಯುವ ಹೊತ್ತಿಗೆ ಅದೇ ಕೋಟೆಯೊಳಗೆ ಕಮಿಷನರ್ ಮಾರ್ಕ್ ಕಬ್ಬನ್ ಬೇಸಿಗೆಗೆಂದು ಮನೆ ಮಾಡಿಕೊಂಡಿದ್ದ. 1927ರಲ್ಲಿ ಕಾಯಿಲೆ ಬಿದ್ದ ಗಾಂಧೀಜಿ ಚೇತರಿಸಿಕೊಳ್ಳಲು ಇದೇ ಬೆಟ್ಟಕ್ಕೆ ಬಂದರು. ಸುಲ್ತಾನ್‌ಪೇಟೆಯ ಕಡೆಯಿಂದ ಹತ್ತುವ ಹಳೆಯ ಮೆಟ್ಟಿಲುದಾರಿ ಇವೆಲ್ಲದರ ಜೊತೆಗೂ ಇತ್ತು.

ಈಗ ಬರುವವರು ಟ್ರೆಕ್ಕಿಂಗ್‌ನವರು. ಸ್ಕಂದಗಿರಿಗೆ ಆನ್‌ಲೈನ್‌ನಲ್ಲಿ ಟಿಕೆಟ್ ಕಾಯ್ದಿರಿಸಿ, ಬೆಂಗಳೂರಿನಿಂದ ನಡುರಾತ್ರಿ ಕಾರಿನಲ್ಲಿ ಹೊರಟು, ಕತ್ತಲಲ್ಲಿ ಹತ್ತಿ, ಮೋಡದ ಮೇಲೆ ಹುಟ್ಟುವ ಸೂರ್ಯನ ಫೋಟೋ ತೆಗೆದು ತಿಂಡಿಯ ಹೊತ್ತಿಗೆ ವಾಪಸಾಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಬೆಟ್ಟ ಎಂದರೆ ತುದಿ ಮಾತ್ರ ಎಂಬಂತಾಗಿದೆ. ತಪ್ಪಲಿನ ಬಯಲಿನಲ್ಲೂ ನಡೆಯಲು ದಾರಿಯಿದೆ, ಅದಕ್ಕೆ ಟಿಕೆಟ್ ಬೇಕಿಲ್ಲ ಎಂದರೆ ನನ್ನ ವಿದ್ಯಾರ್ಥಿಗಳೇ ನಗುತ್ತಾರೆ.

ಇಂಗ್ಲೆಂಡಿನಲ್ಲಿ ಜನ ನಗುವುದಿಲ್ಲ. ಅಲ್ಲಿ ಹೊಲ, ಕಡಲತೀರ, ಹಾಳುಬಿದ್ದ ಕೋಟೆ, ಇಗರ್ಜಿಗಳ ನಡುವೆ ಕಾಲುದಾರಿ ಹಿಡಿದು ವಾರಗಟ್ಟಲೆ ನಡೆಯಬಹುದು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಸಾರ್ವಜನಿಕ ಹಕ್ಕಿನ ದಾರಿಗಳ ಉದ್ದ ಸುಮಾರು 1,40,000 ಮೈಲಿ. ರೈತನ ಗೋಧಿ ಹೊಲದ ನಡುವೆಯೇ ದಾರಿ ಹೋದರೂ ಅವನು ತಡೆಯುವಂತಿಲ್ಲ. ಇದು ಆ ದೇಶದ ಸೌಜನ್ಯ ಎಂದು ಪ್ರವಾಸಕಥನಗಳಲ್ಲಿ ಓದಿದ್ದೇವೆ. ಸೌಜನ್ಯವಲ್ಲ, ಜಗಳ. ಹದಿನೆಂಟು ಹತ್ತೊಂಬತ್ತನೇ ಶತಮಾನಗಳಲ್ಲಿ ಅಲ್ಲಿನ ಜಮೀನ್ದಾರರು ಊರೊಟ್ಟಿನ ಭೂಮಿಗೆ ಬೇಲಿ ಹಾಕಿ ಎಷ್ಟೋ ದಾರಿಗಳನ್ನು ಮುಚ್ಚಿದರು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ದುಡಿಯುವ ಜನ, ಹೆಚ್ಚಿನವರು ಹರೆಯದವರು, ಬೇಟೆಗೆಂದು ಮೀಸಲಿಟ್ಟಿದ್ದ ಕಿಂಡರ್ ಸ್ಕೌಟ್ ಬೆಟ್ಟದ ಮೇಲೆ ಬೇಕೆಂದೇ ಅತಿಕ್ರಮಿಸಿ ನಡೆದರು. ಐದು ಮಂದಿ ಜೈಲಿಗೆ ಹೋದರು. 1949ರಲ್ಲಿ ಕಾಯ್ದೆ ಬಂತು. ಊರೂರಿನ ಹಕ್ಕಿನ ದಾರಿಗಳನ್ನು ನಕ್ಷೆಯಲ್ಲಿ ಬರೆಯಬೇಕೆಂದು ಅದು ಹೇಳಿತು. ಬರೆದದ್ದು ಕೋರ್ಟಿನಲ್ಲಿ ಸಾಕ್ಷಿಯಾಯಿತು. ಆಗ ಬಿಟ್ಟುಹೋದದ್ದನ್ನು ಜನ ಇನ್ನೂ ಹುಡುಕುತ್ತಿದ್ದಾರೆ. 2020ರಲ್ಲಿ ‘ರ್‍ಯಾಂಬ್ಲರ್ಸ್’ ಎಂಬ ನಡಿಗೆದಾರರ ಸಂಘದ ಸ್ವಯಂಸೇವಕರು ಹಳೆಯ ನಕ್ಷೆಗಳನ್ನು ಹೊಸದರ ಜೊತೆ ಹೋಲಿಸಿ, ಕಾಣೆಯಾದ 49,000 ಮೈಲಿಗೂ ಹೆಚ್ಚು ದಾರಿಯನ್ನು ಗುರುತಿಸಿದರು.

ನನ್ನನ್ನು ಕಾಡುವುದು ಇದು. ನಡೆದ ದಾರಿಯನ್ನು ನಕ್ಷೆಯ ಮೇಲೆ ಬರೆಸಲು ಅವರು ಜೈಲಿಗೆ ಹೋಗಬೇಕಾಯಿತು. ನಮಗೆ ನಕ್ಷೆ ಪುಕ್ಕಟೆಯಾಗಿ, ಕಂದಾಯದ ಲೆಕ್ಕದ ಜೊತೆಗೇ ಬಂದುಬಿಟ್ಟಿತು. ನಾವು ನಡೆಯುವುದನ್ನು ಬಿಟ್ಟೆವು.

ಬಿಟ್ಟರೆ ಏನಾಗುತ್ತದೆ ಎಂಬುದನ್ನು ನೆಲದ ಮೇಲೆ ನೋಡಬಹುದು. ಮೊದಲು ಎರಡೂ ಕಡೆಯಿಂದ ವರ್ಷಕ್ಕೊಂದು ಸಾಲು ಉಳುಮೆ ಒಳಕ್ಕೆ ಬರುತ್ತದೆ. ಬಂಡಿದಾರಿ ಕಾಲುದಾರಿಯಾಗುತ್ತದೆ, ಕಾಲುದಾರಿ ಬದುವಾಗುತ್ತದೆ. ಆಮೇಲೆ ನೀಲಗಿರಿ ತೋಪು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆ ಭೂಮಿಯ ಬೆಲೆಯೇ ಬೇರೆಯಾಯಿತು. ಬದುವಿನ ಜಾಗದಲ್ಲಿ ಕಲ್ಲುಕಂಬ, ತಂತಿ, ಗೇಟು ಬಂದವು. ಜಂಗಮಕೋಟೆ ಹೋಬಳಿಯಲ್ಲಿ ಕೈಗಾರಿಕಾ ಪ್ರದೇಶಕ್ಕೆ ಭೂಸ್ವಾಧೀನದ ವಿಚಾರವಾಗಿ ರೈತರು ಹೋರಾಡಿದ್ದು ಪತ್ರಿಕೆ ಓದುವವರಿಗೆ ಗೊತ್ತಿದೆ. ಆ ಚರ್ಚೆಯಲ್ಲಿ ಎಕರೆಗೆ ಬೆಲೆ ಇದೆ. ಬಿ ಖರಾಬಿಗೆ ಪರಿಹಾರ ಕೇಳಲು ಹಕ್ಕುದಾರನೇ ಇಲ್ಲ, ಅದು ಎಲ್ಲರದು.

ದಾರಿ ಹೋದರೆ ನನ್ನಂಥವನ ಭಾನುವಾರ ಹೋಗುತ್ತದೆ, ಅಷ್ಟೇ. ಹಿಂದಿನ ಹೊಲದವನಿಗೆ ಹಿಪ್ಪುನೇರಳೆ ಸೊಪ್ಪನ್ನು ಮನೆಗೆ ತರುವ ಹಾದಿ ಹೋಗುತ್ತದೆ. ಹುಳು ನಾಲ್ಕನೇ ಜ್ವರ ಎದ್ದಿರುವಾಗ ಸೊಪ್ಪು ಒಂದು ಹೊತ್ತು ತಡವಾದರೆ ಏನಾಗುತ್ತದೆಂದು ಶಿಡ್ಲಘಟ್ಟದವರಿಗೆ ಹೇಳಬೇಕಿಲ್ಲ. ಜಮೀನಿಲ್ಲದವರ ಕೇರಿಗೆ ಸ್ಮಶಾನದ ದಾರಿ ಹೋಗುತ್ತದೆ. ಹೆಣ ಹೊತ್ತವರು ಬೇರೆಯವರ ಬೇಲಿಯ ಮುಂದೆ ನಿಂತು ಅನುಮತಿ ಕೇಳಬೇಕಾಗುತ್ತದೆ. ಇಪ್ಪತ್ತು ವರ್ಷ ತಡೆಯಿಲ್ಲದೆ ನಡೆದರೆ ದಾರಿಯ ಹಕ್ಕು ಹುಟ್ಟುತ್ತದೆ ಎಂಬುದು ಇಂಗ್ಲೆಂಡಿನ ಕಾನೂನಿನಲ್ಲೂ ಇದೆ, ನಮ್ಮದರಲ್ಲೂ ಇದೆ. ಆದರೆ ನಡೆದದ್ದಕ್ಕೆ ಸಾಕ್ಷಿ ಹೇಳುವವರು ಬೇಕು.

ಹಂದಿಗನಾಳದ ಆಚೆ ಸೊಪ್ಪು ಕೊಯ್ಯುತ್ತಿದ್ದ ಅಜ್ಜಿಯೊಬ್ಬರು ಒಮ್ಮೆ ನನ್ನನ್ನು ನಿಲ್ಲಿಸಿದರು.

“ಎಲ್ಲಿಗಪ್ಪಾ?”

“ನಂದಿ ಕಡೆಗೆ ಅಜ್ಜಿ, ನಡ್ಕೊಂಡು.”

“ನಮಗಾದ್ರೆ ಬಸ್ಸು ಪುಕ್ಸಟ್ಟೆ. ನೀವು ಗಂಡಸ್ರು ದುಡ್ಡು ಉಳ್ಸಕ್ಕೆ ನಡೀತೀರೇನೋ!” ಎಂದು ನಕ್ಕರು. ಆಮೇಲೆ ಕುಡುಗೋಲಿನಿಂದಲೇ ತೋರಿಸಿದರು: “ಆ ಹುಣಸೆಮರ ಐತಲ್ಲ, ಅದರ ಕೆಳಗೇ ದಾರಿ. ನಾನು ಮದುವೆಯಾಗಿ ಬಂದಾಗ ಎತ್ತು ಹೊಡ್ಕೊಂಡು ಜಾತ್ರೆಗೆ ಅದರಾಗೇ ಓಗ್ತಿದ್ರು. ಈಗ ಅಲ್ಲಿ ತಂತಿ ಹಾಕವ್ರೆ.”

ಮರ ಇತ್ತು, ತಂತಿಯೂ ಇತ್ತು. ಫೋನಿನಲ್ಲಿ ದಿಶಾಂಕ್ ತೆರೆದು ನೋಡಿದೆ. ನಾನು ನಿಂತಿದ್ದದ್ದು ಎರಡು ಸರ್ವೆ ನಂಬರುಗಳು ಕೂಡುವಲ್ಲಿ. ಮನೆಗೆ ಬಂದು ಸರ್ವೆ ಇಲಾಖೆಯ ಜಾಲತಾಣದಿಂದ ಇಳಿಸಿಕೊಂಡ ಗ್ರಾಮನಕ್ಷೆಯನ್ನು ಹರಡಿದೆ. ಜೋಡಿ ಚುಕ್ಕೆಗೆರೆ ಸರಿಯಾಗಿ ಅಲ್ಲೇ ಹಾದುಹೋಗಿತ್ತು. ಅಜ್ಜಿ ಹೇಳಿದ್ದನ್ನು ದಿನಾಂಕ ಹಾಕಿ ಬರೆದಿಟ್ಟೆ. ನಕ್ಷೆ ಮುಂದೆಯೂ ಸಿಗುತ್ತದೆ. ಆ ಮಾತು ಹೇಳುವವರು ಇನ್ನೆಷ್ಟು ವರ್ಷ ಸಿಕ್ಕಾರು?

ಈಗ ಶಿಡ್ಲಘಟ್ಟದಿಂದ ನಂದಿಯವರೆಗಿನ ಊರುಗಳ ನಕ್ಷೆಗಳನ್ನು ಒಂದಕ್ಕೊಂದು ಅಂಟಿಸಿ ಗೋಡೆಗೆ ಹಾಕಿದ್ದೇನೆ. ನಡೆಯಲು ಬರುವ ಕಡೆ ಹಸಿರು, ಮುಚ್ಚಿರುವ ಕಡೆ ಕೆಂಪು, ಇನ್ನೂ ನೋಡದ ಕಡೆ ಹಾಗೇ ಬಿಟ್ಟಿದ್ದೇನೆ. ಹಾಗೇ ಬಿಟ್ಟದ್ದೇ ಹೆಚ್ಚು. ಶಿವರಾತ್ರಿಯೊಳಗೆ ಅದನ್ನು ಮುಗಿಸಲು ಮೂವರು ವಿದ್ಯಾರ್ಥಿಗಳು ಬರುತ್ತೇವೆಂದಿದ್ದಾರೆ. ಅವರಲ್ಲಿ ಒಬ್ಬಳು ಸರ್ವೆ ತರಬೇತಿ ಮುಗಿಸಿದವಳು. ಕೆಂಪು ಬಣ್ಣದ ಪೆನ್ನು ಅವಳ ಕೈಯಲ್ಲಿರುತ್ತದೆ.